ಜವರಪ್ಪನವರ ಬಿಳಿ ಶರಟು

ಎಲ್ಲಕ್ಕೂ ಕಾರಣ ಹೆಡ್ ಕಾನ್‌ಸ್ಟೇಬಲ್ ಜವರಪ್ಪನವರ ಬಿಳಿ ಶರಟು.

ಆ ಬುಧವಾರ ಬೆಳಿಗ್ಗೆ ಮಂಡಕಳ್ಳಿಯಲ್ಲಿ ಅವರ ತಂಗಿ ಮಗಳ ನಿಶ್ಚಿತಾರ್ಥ. ಅಲ್ಲಿಂದ ನೇರ ಡ್ಯೂಟಿಗೆ ಬಂದಿದ್ದರು. ಬಿಳಿ ಶರಟು, ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ತಾಂಬೂಲದ ಚೀಲ. ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ಇಣುಕುತ್ತಿತ್ತು. ಹೀಗೆ ಬಂದು ರಾಮಕೃಷ್ಣನಗರದ ಒಂದು ಅಡ್ಡರಸ್ತೆಯಲ್ಲಿ ನಿಂತು, "ಇಲ್ಲಿ ಚೆಲುವರಾಜು ಅಂತ ಒಬ್ಬ ಹುಡುಗ ಇದಾನಲ್ಲ, ಎಂಥೋನು?" ಎಂದು ಕೇಳಿದರೆ ಬೀದಿಯವರು ಏನೆಂದುಕೊಳ್ಳಬೇಕು?

ಚೆಲುವರಾಜು ಹುಡುಗನೇನಲ್ಲ, ಮೂವತ್ತನಾಲ್ಕು ತುಂಬಿದವನು. ಸಿದ್ದಮಲ್ಲಪ್ಪನವರ ಮಹಡಿಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದು, ಒಂದು ಕಂಪ್ಯೂಟರು, ಒಂದು ಕ್ಯಾಮೆರಾ, ಒಂದು ಹಳೆಯ ಪ್ರೊಜೆಕ್ಟರು ಇಟ್ಟುಕೊಂಡು ಕಲೆ ಮಾಡುತ್ತಿದ್ದ. ಅದೆಂಥ ಕಲೆ ಎಂದು ಬೀದಿಗೆ ತಿಳಿದದ್ದು ಹೋದ ವರ್ಷ. ರಸ್ತೆ ಅಗಲ ಮಾಡುತ್ತೇವೆಂದು ಬಂದವರು ಮೂಲೆಯ ಹೊಂಗೆ ಮರವನ್ನು ಒಂದೇ ಬೆಳಿಗ್ಗೆ ಉರುಳಿಸಿ, ರಸ್ತೆಯನ್ನು ಇದ್ದ ಹಾಗೇ ಬಿಟ್ಟು ಹೋದರು. ಚೆಲುವರಾಜು ಆ ಮರವನ್ನು ಸಿದ್ದಮಲ್ಲಪ್ಪನವರ ಮನೆಯ ಪಕ್ಕದ ಗೋಡೆಯ ಮೇಲೆ ಬೆಳಕಿನಲ್ಲಿ ಮತ್ತೆ ನಿಲ್ಲಿಸಿದ. ಒಂದು ವಾರ, ದಿನಾ ಸಂಜೆ, ಎಲೆಗಳ ನಡುವಿನಿಂದ ಬೀದಿಯವರ ಮುಖಗಳು ಒಂದೊಂದಾಗಿ ಮೂಡಿ ಮಾತಾಡಿದವು. ಆ ನೆರಳಿನಲ್ಲಿ ಇಪ್ಪತ್ತು ವರ್ಷ ಇಡ್ಲಿ ಮಾರಿದ್ದ ಪುಟ್ಟತಾಯಮ್ಮ ಗೋಡೆಯಷ್ಟೆತ್ತರದ ಮುಖ ಹೊತ್ತು, ಕಡಿಸಿದವರ ವಂಶವನ್ನೆಲ್ಲ ಹಿಡಿದು ಬೈದಳು. ಮರ ಕಡಿಯುವಾಗ ಅನುಮತಿ ಇದೆಯೇ ಎಂದು ಯಾರೂ ಕೇಳಿರಲಿಲ್ಲ. ಕಡಿದ ಮರವನ್ನು ಗೋಡೆಯ ಮೇಲೆ ತೋರಿಸಲು ಅನುಮತಿ ಇದೆಯೇ ಎಂದು ಮಾತ್ರ ಮೂವರು ಬೇರೆ ಬೇರೆ ದಿನ ಬಂದು ಕೇಳಿದರು.

ಈಗ ಅದೇ ವಿಡಿಯೋ ಅವನನ್ನು ಬೆಲ್ಜಿಯಂ ದೇಶಕ್ಕೆ ಕರೆಯುತ್ತಿತ್ತು. ಅಲ್ಲಿಯ ಕಲಾಸಂಸ್ಥೆಯೊಂದು ಡಿಜಿಟಲ್ ಕಲಾವಿದರಿಗೆಂದೇ ನಡೆಸುವ ಮೂರು ತಿಂಗಳ ರೆಸಿಡೆನ್ಸಿ, ಅಂದರೆ ಅಲ್ಲೇ ಉಳಿದು ಕಲೆ ಮಾಡುವುದು. ವಿಮಾನದ ಟಿಕೆಟ್ಟು ಅವರದು, ಊಟ ವಸತಿ ಅವರದು, ಕೆಲಸ ಮಾಡಲು ಒಂದು ಉಗ್ರಾಣದ ತುಂಬ ಹೊಸ ಪ್ರೊಜೆಕ್ಟರುಗಳು. ಚೆಲುವರಾಜುವಿನ ಹಳೆಯ ಪ್ರೊಜೆಕ್ಟರೋ, ಕಾದು ಜ್ವರದ ಮಗುವಿನ ಹಾಗೆ ಹತ್ತು ನಿಮಿಷಕ್ಕೊಮ್ಮೆ ಒದ್ದೆ ಬಟ್ಟೆ ಬೇಡುವಂಥದ್ದು. ತಿಂಗಳ ಕೊನೆಯೊಳಗೆ ಪಾಸ್‌ಪೋರ್ಟ್ ಕೈಗೆ ಬರಬೇಕಿತ್ತು. ಅದಕ್ಕೆ ಪೊಲೀಸ್ ವಿಚಾರಣೆ ಆಗಬೇಕಿತ್ತು. ಅದಕ್ಕೆ ಜವರಪ್ಪನವರು ಬಂದಿದ್ದರು.

ತಾನು ಪೊಲೀಸಿನವನೆಂದು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಇಪ್ಪತ್ತೈದು ವರ್ಷ ಖಾಕಿ ತೊಟ್ಟವರಿಗೆ ಅದು ಮೈಮೇಲಿಲ್ಲದಿದ್ದರೂ ಇದ್ದ ಹಾಗೆಯೇ.

ಮೊದಲು ಸಿಕ್ಕಿದವರು ಸಿದ್ದಮಲ್ಲಪ್ಪ, ಗುಮಾಸ್ತರಾಗಿದ್ದು ನಿವೃತ್ತರಾದವರು. ಕುಂಕುಮ, ಬಾಳೆಹಣ್ಣು ನೋಡಿದ ಮೇಲೆ ಅವರಿಗೆ ಅನುಮಾನ ಉಳಿಯಲಿಲ್ಲ. ಹುಡುಗಿ ಕಡೆಯವರು. ಕಲಾವಿದ ಎಂದರೆ ಯಾರು ಹೆಣ್ಣು ಕೊಡುತ್ತಾರೆ? "ಸರ್ಕಾರಿ ಕೆಲಸ, ಖಾಯಂ," ಎಂದುಬಿಟ್ಟರು. ಕಡತದಲ್ಲಿ ಒಂದು ಸೊನ್ನೆಯನ್ನೂ ತಪ್ಪು ಬರೆಯದ ಮನುಷ್ಯ. ಆದರೆ ಹುಡುಗಿ ಕಡೆಯವರಿಗೆ ಹೇಳುವುದು ಸುಳ್ಳಿನ ಜಾತಿಗೆ ಸೇರುವುದಿಲ್ಲ ಎಂದು ಅವರ ನಂಬಿಕೆ.

ಎದುರುಮನೆಯ ಟೈಲರ್ ಶಾಲಿನಿ ಮಿಷನ್ ನಿಲ್ಲಿಸಿ ಹೊರಗೆ ಬಂದಳು. ವಯಸ್ಸು ಕೇಳಿದ್ದಕ್ಕೆ, ದೊಗಲೆ ರವಿಕೆಯನ್ನು ಒಳಗೆ ಹಿಡಿದು ಹೊಲಿಯುವ ಹಾಗೆ ಐದು ವರ್ಷ ಒಳಕ್ಕೆ ಮಡಚಿ, ಇಪ್ಪತ್ತೊಂಬತ್ತು ನಡೀತಿದೆ ಎಂದಳು. ಇಲ್ಲಿ ಬಾಡಿಗೆಗೆ ಎಷ್ಟು ವರ್ಷದಿಂದ ಇದಾನೆ ಎಂಬ ಮಾತಿಗೆ ಪುಟ್ಟತಾಯಮ್ಮನೇ ಮುಂದೆ ಬಂದಳು.

"ಬಾಡಿಗೆ ಯಾಕೆ ಸ್ವಾಮಿ? ದಟ್ಟಗಳ್ಳೀಲಿ ಸ್ವಂತ ಮನೆ ಕಟ್ಟವ್ನೆ, ಮಾರ್ಬಲ್ ಹಾಕ್ಸವ್ನೆ. ಇಲ್ಲಿರೋದು ನಮ್ ಮ್ಯಾಲಿನ ಪಿರೂತಿಗೆ."

ಗಲಾಟೆ, ಕೇಸು ಏನಾದರೂ ಉಂಟೋ ಎಂದು ಕೇಳಿದಾಗ ಮೂವರೂ ಮುಖ ಮುಖ ನೋಡಿಕೊಂಡು ಮೆಚ್ಚಿದರು. ಈಗಿನ ಮಾವಂದಿರು ಎಷ್ಟು ಹುಷಾರು. ಸಿದ್ದಮಲ್ಲಪ್ಪನವರಂತೂ ದನಿ ತಗ್ಗಿಸಿ, "ತಾವು ಯಾವ ಜನ?" ಎಂದು ಕೇಳಿಯೇಬಿಟ್ಟರು. ನಮ್ಮ ಬೀದಿಗಳಲ್ಲಿ ಈ ಪ್ರಶ್ನೆ ಹೊಂಗೆ ಮರಕ್ಕಿಂತ ಆಳಕ್ಕೆ ಬೇರು ಬಿಟ್ಟಿದೆ. ಇದನ್ನು ಉರುಳಿಸುವುದಕ್ಕೆ ಯಾರೂ ಯಂತ್ರ ತರುವುದಿಲ್ಲ. ಜವರಪ್ಪನವರು ಚೀಲದಿಂದ ಟ್ಯಾಬು ತೆಗೆದು ಅದರಲ್ಲಿ ಏನೇನೋ ಒತ್ತಿಕೊಂಡು, ಪುಟ್ಟತಾಯಮ್ಮ ಕೊಟ್ಟ ಕಾಫಿ ಕುಡಿದು ಹೊರಟುಹೋದರು.

ಇಷ್ಟೂ ಹೊತ್ತು ಚೆಲುವರಾಜು ಕುವೆಂಪುನಗರದ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿಗೆ ಕಾಯುತ್ತ ನಿಂತಿದ್ದ. ಆಧಾರ್, ಬಾಡಿಗೆ ಕರಾರು, ಹತ್ತನೇ ತರಗತಿ ಅಂಕಪಟ್ಟಿ, ಎಲ್ಲದಕ್ಕೂ ಎರಡೆರಡು ಪ್ರತಿ ಬೇಕಿತ್ತು. ಕಾಯುತ್ತ ಸಂಸ್ಥೆಯ ಪತ್ರವನ್ನು ಫೋನಿನಲ್ಲಿ ಇನ್ನೊಮ್ಮೆ ಓದಿದ. ಇಲ್ಲದ ಜನರನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ ಮಾತಾಡಿಸುವ ಕಾಲ ಇದು, ಆದ್ದರಿಂದ ತಮ್ಮ ಪ್ರತಿನಿಧಿ ಬಂದು ವಿಡಿಯೋದಲ್ಲಿರುವವರನ್ನು ಕಾಣುತ್ತಾರೆ, ಅವರಿಗೆ ಮುಂಚಿತವಾಗಿ ಏನನ್ನೂ ಹೇಳಿಕೊಡಬಾರದು ಎಂದಿತ್ತು. ಚೆಲುವರಾಜು ಯಾರಿಗೂ ಹೇಳಿರಲಿಲ್ಲ. ಕೆಂಪು ದೀಪ ಕಂಡರೆ ಖಾಲಿ ರಸ್ತೆಯಲ್ಲೂ ಸ್ಕೂಟರ್ ನಿಲ್ಲಿಸುವವರ ಪೈಕಿ ಅವನು.

ಬೀದಿಗೆ ಬಂದರೆ ಮೂವರೂ ಗೇಟಿನಲ್ಲಿ ನಗುತ್ತ ನಿಂತಿದ್ದರು. ಕೆಲಸ ಆಯ್ತು ಕಣೋ, ಎಂದಳು ಶಾಲಿನಿ. ಯಾರು ಬಂದಿದ್ದರು, ಏನು ಕೇಳಿದರು, ತಾವೇನು ಹೇಳಿದೆವು ಎಂಬುದನ್ನೆಲ್ಲ ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡು ಹೇಳಿದರು. ಚೆಲುವರಾಜುವಿಗೆ ಹುಡುಗಿ ಯಾರೆಂದು ತಿಳಿಯುವ ಮೊದಲೇ ಫೋನು ಬಂತು.

"ಏನ್ರೀ, ನಾನು ಸ್ಟೇಷನ್ನಿಂದ ಜವರಪ್ಪ. ಸರ್ಕಾರಿ ನೌಕರರು ಅನ್ನೋದನ್ನ ಅರ್ಜೀಲಿ ಮುಚ್ಚಿಟ್ಟಿದೀರಲ್ಲ, ಇಲಾಖೆ ಒಪ್ಪಿಗೆ ಪತ್ರ ಎಲ್ಲಿ? ವಯಸ್ಸು ಐದು ವರ್ಷ ವ್ಯತ್ಯಾಸ ಬರ್ತಾ ಇದೆ. ಮನೆ ನೋಡಿದ್ರೆ ದಟ್ಟಗಳ್ಳೀಲಿದೆಯಂತೆ. ಯಾವ ಚೆಲುವರಾಜು ರೀ ನೀವು?"

ಹೇಳಿಕೆ ಕೊಟ್ಟವರೇ ಮಧ್ಯಾಹ್ನ ಮೂರು ಗಂಟೆಯೊಳಗೆ ಠಾಣೆಗೆ ಬಂದು ತಿದ್ದದಿದ್ದರೆ ವರದಿ ವಿರುದ್ಧವಾಗಿ ಹೋಗುತ್ತದೆ ಎಂದು ಫೋನು ಇಟ್ಟರು.

ಬಂದವರು ಪೊಲೀಸ್ ಎಂದು ತಿಳಿದದ್ದೇ ಪುಟ್ಟತಾಯಮ್ಮ ಜಗಲಿ ಮೇಲೆ ಕುಸಿದಳು. "ಅಯ್ಯೋ, ಕಾಫಿ ಬೇರೆ ಕುಡಿಸ್ಬುಟ್ಟೆ," ಎಂದಳು. ಶಾಲಿನಿಗೆ ಒಮ್ಮೆಲೇ ಹೊಲಿಯಬೇಕಾದ ಹನ್ನೆರಡು ರವಿಕೆಗಳು ನೆನಪಾದವು. ಸಿದ್ದಮಲ್ಲಪ್ಪನವರು ಬಿ.ಪಿ. ಮಾತ್ರೆ ಹುಡುಕತೊಡಗಿದರು. ಚೆಲುವರಾಜು ಮೂವರ ಕೈಕಾಲು ಹಿಡಿದು ಆಟೋ ಹತ್ತಿಸಿ, ತಾನು ಸ್ಕೂಟರಿನಲ್ಲಿ ಹಿಂದೆ ಹೊರಟ.

ಠಾಣೆಯಲ್ಲಿ ಜವರಪ್ಪನವರು ಈಗ ಖಾಕಿಯಲ್ಲಿದ್ದರು. ಬೆಳಿಗ್ಗೆ ಬೀಗರಂತೆ ಕಂಡವರು ಈಗ ಹತ್ತು ಅಂಗುಲ ಬೆಳೆದ ಹಾಗಿತ್ತು. ಅವರನ್ನು ನೋಡಿದ ಕೂಡಲೇ ಮೂವರ ಬಾಯಿಂದ ಸತ್ಯ ಕಟ್ಟೆಯೊಡೆದ ನೀರಿನಂತೆ ಹರಿಯಿತು. ಕೆಲಸ ಇಲ್ಲ ಸಾರ್, ಎಂದರು ಸಿದ್ದಮಲ್ಲಪ್ಪ, ಖಾಯಮ್ಮೂ ಇಲ್ಲ, ಹಂಗಾಮಿಯೂ ಇಲ್ಲ. ಮನೆ ಇಲ್ಲ, ಸೈಟೂ ಇಲ್ಲ, ಎಂದಳು ಪುಟ್ಟತಾಯಮ್ಮ, ಬೆಳಗಿನ ಇಡ್ಲಿಯೂ ನಂದೇ. ಮೂವತ್ತನಾಲ್ಕಾಯ್ತು, ನೆತ್ತಿ ಮೇಲೆ ಕೂದಲೂ ಉದುರ್ತಾ ಇದೆ, ಬೇಕಾದ್ರೆ ನೋಡಿ ಎಂದು ಶಾಲಿನಿ ಅವನ ತಲೆ ಬಗ್ಗಿಸಿಯೇ ತೋರಿಸಿದಳು. ನಾಲ್ಕು ಜನರೆದುರು ನಿರುದ್ಯೋಗಿ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯ ಆ ಠಾಣೆಗೆ ಹಿಂದೆ ಬಂದಿರಲಿಕ್ಕಿಲ್ಲ.

ಜವರಪ್ಪನವರು ಒಂದೊಂದನ್ನೇ ತಿದ್ದಿಕೊಂಡರು. ಯಾರೇ ಬಂದು ಕೇಳಲಿ, ಬಾಯಿಗೆ ಬಂದದ್ದು ಹೇಳಬಾರದು ಎಂದು ಗದರಿಸಿದರು. ಆಮೇಲೆ, ಬರೆಯುತ್ತ ಬರೆಯುತ್ತ ತಲೆ ಎತ್ತದೆ ಕೇಳಿದರು.

"ಅದ್ಯಾವುದೋ ಹೊಂಗೆ ಮರದ ವಿಡಿಯೋ ಗೋಡೆ ಮೇಲೆ ಬಿಟ್ಟಿದ್ರಂತಲ್ಲ. ಒಬ್ಬಮ್ಮ ಸಿಕ್ಕಾಪಟ್ಟೆ ಬೈದಿದ್ಲಂತೆ?"

ಅವರು ಕೇಳಿದ್ದು ಬರೀ ಕುತೂಹಲಕ್ಕೆ. ಅವರ ಮಗಳು ಅದನ್ನು ಮೊಬೈಲಿನಲ್ಲಿ ನೋಡಿ ಮನೆಯಲ್ಲೆಲ್ಲ ತೋರಿಸಿದ್ದಳು. ಆದರೆ ಠಾಣೆಯೊಳಗೆ ಕುತೂಹಲ ಯಾವುದು, ಕೇಸು ಯಾವುದು ಎಂದು ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಿಲ್ಲ. ಪುಟ್ಟತಾಯಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಚೆಲುವರಾಜು ಉತ್ತರಿಸುವುದರೊಳಗೆ ಮೂವರೂ ಹೊರಗಿದ್ದ ಆಟೋದಲ್ಲಿ ಕೂತಾಗಿತ್ತು.

ಬಾಡಿಗೆ ಕರಾರಿನ ಇನ್ನೊಂದು ಪ್ರತಿ ಬೇಕೆಂದರು. ಅದಕ್ಕೆ ಮತ್ತೆ ಜೆರಾಕ್ಸು, ಮತ್ತೆ ಸಾಹೇಬರ ಸಹಿಗೆ ಕಾಯುವುದು. ಎಲ್ಲ ಮುಗಿದಾಗ ಐದೂವರೆ. ವರದಿ ಚೆನ್ನಾಗಿ ಹೋಯಿತು, ಹೋಗಿ ಬನ್ನಿ ಎಂದು ಜವರಪ್ಪನವರು ಬೆಳಗಿನ ಬಾಳೆಹಣ್ಣಿನಲ್ಲಿ ಎರಡು ಕೊಟ್ಟು ಕಳಿಸಿದರು. ಚೆಲುವರಾಜು ದಾರಿಯಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು, ಬೆಲ್ಜಿಯಂನಲ್ಲಿ ಚಳಿ ಎಷ್ಟಿರುತ್ತದೋ, ಸ್ವೆಟರ್ ಯಾರ ಹತ್ತಿರ ಕೇಳುವುದೋ ಎಂದುಕೊಂಡು ಬಂದ.

ಮೂವರೂ ಸಿದ್ದಮಲ್ಲಪ್ಪನವರ ಜಗಲಿಯ ಮೇಲೆ ಅವನನ್ನೇ ಕಾಯುತ್ತಿದ್ದರು. ಬೆಳಗಿನ ತಪ್ಪನ್ನು ತೊಳೆದುಕೊಂಡ ಕಳೆ ಮುಖದ ಮೇಲೆ.

"ಇನ್ನೊಬ್ಬಳು ಬಂದಿದ್ಲು ಕಣ್ ಮಗ," ಎಂದಳು ಪುಟ್ಟತಾಯಮ್ಮ. "ಮಫ್ತೀಲಿ."

"ಯಾರವ್ವ?"

"ಲೇಡಿ ಪೊಲೀಸು. ಗಿಡ್ಡ ಕೂದ್ಲು, ಕಾಲ್ಗೆ ಬೂಟು. ಅಕ್ಷತಾ ಅಂತ ಹೆಸ್ರು ಹೇಳಿದ್ಲು, ಎಲ್ಲಾ ಸುಳ್ಳು ಹೆಸ್ರೇ ಅಲ್ವ ಅವ್ರದು? ನಿನ್ ವಿಡಿಯೋ ತಂದವ್ಳೆ ಕಣೋ. ನನ್ ಮುಂದೇನೆ ಹಿಡಿದು, ಇದು ನೀವೇನಾ ಅಂತಾಳೆ. ನಾನು ಸಿಕ್ತೀನಾ?"

ಚೆಲುವರಾಜು ಬಜ್ಜಿಯ ಪೊಟ್ಟಣ ಹಿಡಿದೇ ಮೆಟ್ಟಿಲ ಮೇಲೆ ಕೂತ.

"ಈ ಹೆಂಗಸು ಯಾರೋ ಗೊತ್ತಿಲ್ಲ ಕಣಮ್ಮ ಅಂದೆ. ನಿಮ್ ಥರಾನೇ ಅವ್ರಲ್ಲ ಅಂದ್ಲು. ಇರ್ಬೋದು, ಒಬ್ರಂಗೆ ಏಳ್ ಜನ ಇರ್ತಾರಂತೆ, ನಾನು ಇಂಗೆಲ್ಲ ಬಾಯ್ ಮಾಡೋಳಲ್ಲ ಅಂದ್ಬುಟ್ಟೆ."

ತಾನೂ ಹಾಗೇ ಅಂದೆ ಎಂದಳು ಶಾಲಿನಿ. ಕ್ಯಾಮೆರಾ ಎಂಬುದನ್ನೇ ಈ ಬೀದಿ ಕಂಡಿಲ್ಲ, ಇಲ್ಲಿ ಮರವೂ ಇರಲಿಲ್ಲ ಎಂದು ಸೇರಿಸಿದ್ದಳಂತೆ. ಸಿದ್ದಮಲ್ಲಪ್ಪನವರು ಬಾಯಿಮಾತಿಗೆ ಬಿಟ್ಟಿರಲಿಲ್ಲ. ಸದರಿ ದೃಶ್ಯದಲ್ಲಿ ಕಾಣುವವರು ನಾವಲ್ಲ, ಸದರಿ ಮಾತುಗಳು ನಮ್ಮವಲ್ಲ ಎಂದು ಶುದ್ಧ ಕಡತದ ಕನ್ನಡದಲ್ಲಿ ಬರೆದು, ಮೂವರ ಸಹಿ ಹಾಕಿಸಿ, ಮೂರು ಪ್ರತಿ ಮಾಡಿ, ಒಂದಕ್ಕೆ ಅವಳಿಂದಲೇ ಸ್ವೀಕೃತಿ ಬರೆಸಿಕೊಂಡಿದ್ದರು. ಆ ಪ್ರತಿಯನ್ನು ಚೆಲುವರಾಜುವಿನ ಕೈಗಿಟ್ಟು, "ನಿನ್ನ ಮೇಲೆ ಒಂದು ಗೆರೆ ಬೀಳದ ಹಾಗೆ ಮಾಡಿದೀವಪ್ಪ, ರಾಜು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಫೋನು ಎರಡು ಸಲ ಟಿಣ್ ಎಂದಿತು. ಮೊದಲನೆಯದು, ಪೊಲೀಸ್ ವಿಚಾರಣೆ ಮುಗಿದಿದೆ, ಪಾಸ್‌ಪೋರ್ಟ್ ಸದ್ಯದಲ್ಲೇ ಅಂಚೆಯಲ್ಲಿ ಬರಲಿದೆ ಎಂದು. ಎರಡನೆಯದು ಬೆಲ್ಜಿಯಂನಿಂದ. ನೆರೆಯವರ ಮುಖಗಳನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿ, ಅವರು ಆಡದ ಮಾತನ್ನು ಕಂಪ್ಯೂಟರಿನಿಂದ ಆಡಿಸಿರುವುದು ಲಿಖಿತವಾಗಿಯೇ ದೃಢಪಟ್ಟಿದೆ, ಆದ್ದರಿಂದ ಆಹ್ವಾನವನ್ನು ವಿಷಾದದಿಂದ ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದಿತ್ತು. ಕೆಳಗೆ ಒಂದು ಸಾಲು ಬೇರೆ: ಆ ವೃದ್ಧೆಯ ಸಿಟ್ಟನ್ನು ಯಂತ್ರದಿಂದ ಅಷ್ಟು ಸಹಜವಾಗಿ ಹುಟ್ಟಿಸಿದ್ದಕ್ಕೆ ಸಮಿತಿಯ ವಿಶೇಷ ಮೆಚ್ಚುಗೆ.

ಚೆಲುವರಾಜು ಮಹಡಿಗೆ ಹೋಗಿ, ಪತ್ರದಲ್ಲಿದ್ದ ನಂಬರು ನೋಡಿ, ಸಂಸ್ಥೆಯ ಪ್ರತಿನಿಧಿ ಅಕ್ಷತಾಗೆ ಫೋನು ಮಾಡಿದ. ಅವಳು ಬೆಂಗಳೂರಿನ ರೈಲಿನಲ್ಲಿದ್ದಳು. ಬೇಸರದಿಂದಲೇ ಮಾತಾಡಿದಳು. ಮೂವರನ್ನೂ ಬೇರೆ ಬೇರೆಯಾಗಿ ಕೇಳಿದೆ, ಬರೆದು ಕೊಟ್ಟಿದಾರೆ, ಈಗ ನೀವು ಹೇಳಿಕೊಟ್ಟು ಹೇಳಿಸಿದರೆ ಸಮಿತಿ ನಂಬೋದಿಲ್ಲ ಸರ್ ಎಂದಳು. ಆಮೇಲೆ ರೈಲು ಎಲ್ಲೋ ಸಿಗ್ನಲ್ ಇಲ್ಲದ ಕಡೆ ಹೋಯಿತು.

ಕೆಳಗಿಳಿದು ಬಂದಾಗ ಬಜ್ಜಿ ಹಂಚಿ ಆಗಿತ್ತು. ಅವನ ಪಾಲಿನ ಎರಡನ್ನು ಪುಟ್ಟತಾಯಮ್ಮ ತಟ್ಟೆಯಲ್ಲಿ ಮುಚ್ಚಿಟ್ಟಿದ್ದಳು. ನಡೆದದ್ದನ್ನು ಹೇಳಿಯೇಬಿಡೋಣ ಎಂದು ಬಾಯಿ ತೆರೆದ. ಮೂರು ಮುಖಗಳೂ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ಅವನತ್ತ ತಿರುಗಿದ್ದವು.

"ಏನಂತೆ ಮಗ, ವಿಡಿಯೋ ಇಸ್ಯ?" ಎಂದಳು ಪುಟ್ಟತಾಯಮ್ಮ, ಪಿಸುಮಾತಿನಲ್ಲಿ.

"ಆ ಬೈಗುಳ ನಿಮ್ದಲ್ವಂತೆ ಅವ್ವ. ಕಂಪ್ಯೂಟರ್ ಬೈದದ್ದಂತೆ. ತೀರ್ಮಾನ ಆಗೋಯ್ತು."

ಪುಟ್ಟತಾಯಮ್ಮ ಅವನ ಕೈಗೆ ಬಜ್ಜಿ ತುರುಕಿದಳು.

"ಸದ್ಯ. ಕೇಸ್ ಆಗೋದಾದ್ರೆ ಅದ್ರ ಮ್ಯಾಲೇ ಆಗ್ಲಿ ಬುಡು. ನೀನು ನೆಮ್ಮದಿಯಾಗಿ ಫಾರಿನ್ನಿಗೆ ಹೋಗ್ಬುಟ್ಟು ಬಾ."