ಎರಡು ಕಾರಿಗೆ ಜಾಗ

ಆ ಭಾನುವಾರ ಬೆಳಗ್ಗೆ ಗೌರೀಶಂಕರರು ಫೋನಿನಲ್ಲಿ "ಸ್ವಲ್ಪ ಕಷ್ಟ ಉಂಟು" ಎಂದು ಹೇಳಿಬಿಟ್ಟಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಆದರೆ ಹೆಣ್ಣು ಹೆತ್ತವರು ಗಂಡಿನ ಕಡೆಯವರಿಗೆ ಹಾಗೆ ಹೇಳುವುದುಂಟೇ? ಕಾರಡ್ಕದ ಪುರುಷೋತ್ತಮರು ಜಾತಕ ಕೇಳಿರಲಿಲ್ಲ, ಚಿನ್ನದ ಮಾತೆತ್ತಿರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ಇವತ್ತು ಮಧ್ಯಾಹ್ನ ಮೇಲೆ ಹೆಣ್ಣು ನೋಡ್ಲಿಕ್ಕೆ ನಮ್ಮ ಎರಡು ಕಾರು ಬರ್ತದೆ. ಅಮ್ಮನಿಗೆ ನಡೀಲಿಕ್ಕೆ ಆಗುದಿಲ್ಲ. ಮನೆ ಎದುರೇ ನಿಲ್ಲಿಸ್ಲಿಕ್ಕೆ ಜಾಗ ಉಂಟಲ್ಲ?"

"ಧಾರಾಳ ಉಂಟು," ಎಂದರು ಗೌರೀಶಂಕರರು.

ಜಾಗ ಇರಲಿಲ್ಲ. ಕಾಸರಗೋಡಿನಲ್ಲಿ ರೈಲುಹಳಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಓಣಿ ಅದು. ಎರಡು ಕಾರು ಎದುರುಬದುರಾದರೆ ಯಾವುದು ಹಿಂದೆ ಹೋಗಬೇಕೆಂದು ತೀರ್ಮಾನವಾಗುವಾಗ ಊಟದ ಹೊತ್ತಾಗುತ್ತಿತ್ತು. ಆ ಜಗಳ ತಾಳಲಾರದೆ ನಿವಾಸಿಗಳ ಸಂಘ ನಿಯಮ ಮಾಡಿತ್ತು. ಅವರವರ ಕಾರು ಅವರವರ ಗೋಡೆಗೆ ತಾಗಿ, ಎಡಬದಿಯಲ್ಲಿ ಮಾತ್ರ. ನೆಂಟರ ವಾಹನ ದೂರದ ಹೆದ್ದಾರಿಯ ಪಕ್ಕ. ಒಳಗೆ ತಂದರೆ ಕಾರ್ಯದರ್ಶಿ ಶರತ್ಚಂದ್ರ ಚಕ್ರಕ್ಕೆ ಹಳದಿ ಬೀಗ ಜಡಿಯುತ್ತಾನೆ. ಸ್ವಂತ ಭಾವನ ಕಾರಿಗೂ ಜಡಿದ ಮನುಷ್ಯ ಅವನು.

ಗೌರೀಶಂಕರರ ಮಗಳು ಅಶ್ಮಿತಾಳಿಗೆ ಮೂವತ್ತು ದಾಟಿತ್ತು. ಅವಳೂ ಪುರುಷೋತ್ತಮರ ಮಗ ಪ್ರವೀತನೂ ಒಂದೇ ಶಾಲೆಯಲ್ಲಿ ಪಾಠ ಹೇಳುವವರು, ತಾವೇ ಮೆಚ್ಚಿಕೊಂಡವರು. ಬಾಕಿ ಇದ್ದದ್ದು ಪ್ರವೀತನ ಅಜ್ಜಿಯ, ಅಂದರೆ ಪುರುಷೋತ್ತಮರ ತಾಯಿಯ ಒಪ್ಪಿಗೆ ಮಾತ್ರ. ಶಕುನ ನೋಡದೆ ಹೊಸ್ತಿಲು ದಾಟದ ಆ ಅಜ್ಜಿ ಈಗಾಗಲೇ ಎರಡು ಸಲ ಹೊರಟು, ಬೆಕ್ಕು ಅಡ್ಡ ಬಂತೆಂದು ಒಳಗೆ ಹೋಗಿದ್ದರು. ಮಗಳು ಈ ದಿನಕ್ಕಾಗಿ ಎಷ್ಟು ಕಾದಿದ್ದಾಳೆಂದು ಗೊತ್ತಿದ್ದ ಗೌರೀಶಂಕರರಿಗೆ, ಹೇಳಿದ ಸುಳ್ಳನ್ನು ನೆನೆದು ನಿಜವಾಗಿಯೂ ಹೆದರಿಕೆಯಾಯಿತು.

ಅವರು ಶರತ್ಚಂದ್ರನ ಮನೆಗೆ ಹೋಗಿ ಕೈ ಮುಗಿದರು. ಅವನು ಸಮಾಧಾನದಿಂದಲೇ ಎಲ್ಲವನ್ನೂ ಕೇಳಿದ. ನಿಯಮದಲ್ಲಿ ಹೆಣ್ಣು ನೋಡುವುದಕ್ಕೆ ರಿಯಾಯಿತಿ ಇಲ್ಲ, ಇರುವುದು ಮರಣಕ್ಕೆ ಮಾತ್ರ ಎಂದ.

ಅದು ಸುಳ್ಳಲ್ಲ. ಪಕ್ಕದ ಮನೆಯ ಮಹಮೂದನ ತಾಯಿ ಮರಿಯುಮ್ಮ ತೀರಿಕೊಂಡಾಗ ಆಂಬುಲೆನ್ಸ್ ಒಳಗೆ ಬರಲಾಗದೆ, ಆ ತಾಯಿಯನ್ನು ಕಾರುಗಳ ಸಂದಿಯಲ್ಲಿ ಓರೆಯಾಗಿ ಹೊತ್ತು ತರಬೇಕಾಗಿ ಬಂದಿತ್ತು. ಅಂದಿನಿಂದ ಯಾರ ಮನೆಯಲ್ಲಿ ಸಾವಾದರೂ ಎಲ್ಲರೂ ಹೇಳಿಸಿಕೊಳ್ಳದೆ ತಮ್ಮ ಕಾರು ತೆಗೆದು ಓಣಿ ಖಾಲಿ ಮಾಡುತ್ತಾರೆ. ಆ ದಿನ ಹೊರಗಿನವರ ವಾಹನಕ್ಕೆ ಬೀಗವಿಲ್ಲ. ನಾಚಿಕೆಯಿಂದ ಕಲಿತ ಮರ್ಯಾದೆ ಅದು, ಸುತ್ತಲಿನ ಊರಿಗೆಲ್ಲ ಗೊತ್ತಿರುವಂಥದ್ದು.

ದಾರಿ ಕಾಣಿಸಿದವನು ಮಹಮೂದನೇ.

"ಎಲ್ಲರ ಕಾರೂ ಹೊರಗೆ ಹೋದ್ರೆ ಮತ್ತೆ ಅಡ್ಡ ಯಾರಿಗೆ? ನಾನು ಮಾತಾಡ್ತೇನೆ. ಅಶ್ಮಿತಾ ನಮ್ಮ ಕಣ್ಣೆದುರು ಬೆಳೆದ ಮಗು ಮಾರಾಯ್ರೆ."

ಅವನು ಮನೆಮನೆಗೆ ಹೋದ. ಯಾರೂ ಇಲ್ಲವೆನ್ನಲಿಲ್ಲ. ಖಾಲಿ ಓಣಿಯಲ್ಲಿ ಮುರಿಯಲು ನಿಯಮವೇ ಉಳಿಯುವುದಿಲ್ಲವೆಂದು ಶರತ್ಚಂದ್ರನೂ ಒಪ್ಪಿದ. ಮಧ್ಯಾಹ್ನದ ಹೊತ್ತಿಗೆ ಕಾರುಗಳೆಲ್ಲ ಒಂದರ ಹಿಂದೊಂದು ಹೊರಬಿದ್ದವು. ಅಷ್ಟಕ್ಕೇ ನಿಲ್ಲದ ಮಹಮೂದ್, ನೆಂಟರಿಗಿರಲಿ ಎಂದು ಕ್ಲಬ್ಬಿನಿಂದ ಕುರ್ಚಿ ತಂದು ಅಂಗಳದಲ್ಲಿ ಸಾಲಾಗಿ ಹಾಕಿದ. ಆಮೇಲೆ ಓಣಿಯ ಬಾಯಿಯಲ್ಲಿ ಕೈ ಕಟ್ಟಿ ನಿಂತ. ಗೌರೀಶಂಕರರು ಮಿಂದು, ಬಿಳಿ ಪಂಚೆ ಉಟ್ಟು, ಬಿಳಿ ಶಾಲು ಹೊದ್ದು ಜಗಲಿಯಲ್ಲಿ ಕುಳಿತರು. ಆತಂಕದಿಂದ ಅವರ ಮುಖ ಬಾಡಿತ್ತು.

ಮೊದಲು ಬಂದವರು ಬ್ಯಾಂಕಿನ ಹಳೆಯ ಸಹೋದ್ಯೋಗಿ ಗಣೇಶಪ್ರಸಾದರು. ಏನೂ ಮಾತಾಡದೆ ಗೌರೀಶಂಕರರ ಕೈ ಒತ್ತಿ ಹಿಡಿದು, ಕುರ್ಚಿಯಲ್ಲಿ ಕುಳಿತು ನೆಲ ನೋಡತೊಡಗಿದರು. ಮಗಳ ವಿಷಯ ಹೇಗೋ ತಿಳಿದಿರಬೇಕೆಂದು ಗೌರೀಶಂಕರರಿಗೆ ಮನಸ್ಸು ತುಂಬಿ ಬಂತು. ಎಲ್ಲ ಸುಸೂತ್ರವಾಗಿ ಮುಗಿದರೆ ಸಾಕು ಎಂದರು. ಗಣೇಶಪ್ರಸಾದರು ತಲೆಯಾಡಿಸಿದರು.

ಅವರ ಹಿಂದೆ ಬ್ಯಾಂಕಿನವರು ಬಂದರು, ಅವರ ಹಿಂದೆ ಭಜನಾ ಮಂಡಳಿಯವರು. ಹೆಂಗಸರು ನೇರ ಅಡುಗೆಮನೆಗೆ ಹೋಗಿ ಗೌರೀಶಂಕರರ ಹೆಂಡತಿ ಸೌದಾಮಿನಿಯವರನ್ನು ತಬ್ಬಿಕೊಂಡರು. ಬೆಳಗ್ಗಿನಿಂದ ಗಂಡನ ಸುಳ್ಳನ್ನೂ ಮಗಳ ಆಸೆಯನ್ನೂ ಒಟ್ಟಿಗೆ ಹೊತ್ತು ಓಡಾಡುತ್ತಿದ್ದ ಆ ತಾಯಿಗೆ ಇಷ್ಟು ಸಾಕಾಯಿತು. ಬಿಕ್ಕಿ ಬಿಕ್ಕಿ ಅತ್ತರು. ಅಳುವಿನ ಸದ್ದು ಅಂಗಳಕ್ಕೆ ಕೇಳಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಸತ್ತ ಮನೆಯಲ್ಲಿ ನಿಂತು ಯಾರು ಸತ್ತದ್ದೆಂದು ಕೇಳುವುದು ಸಭ್ಯತೆಯಲ್ಲ. ತಾನಾಗಿ ತಿಳಿಯಲಿ ಎಂದು ಎಲ್ಲರೂ ಕಾದು ಕುಳಿತರು. ಓಣಿಯ ಬಾಯಿ ದಾಟಿ ಹೋಗುತ್ತಿದ್ದವರು ಖಾಲಿ ಓಣಿಯನ್ನು, ಅಂಗಳದ ಕುರ್ಚಿಗಳನ್ನು ಕಂಡು ಒಳಗೆ ತಿರುಗಿದರು. ಎಲ್ಲರೂ ನೆಂಟರೇ ಎಂದುಕೊಂಡು ಮಹಮೂದ್ ದಾರಿ ಬಿಟ್ಟ. ಓಣಿಯ ಎರಡೂ ಬದಿ ತುಂಬಿತು. ಇಷ್ಟು ಜನ ಸುಮ್ಮನೆ ಬರುತ್ತಾರೆಯೇ ಎಂದು ಶರತ್ಚಂದ್ರನಿಗೂ ಅನಿಸಿತು. ಈ ನಡುವೆ ಯಾರೋ ನಿಜಕ್ಕೂ ಹೋಗಿರಬೇಕೆಂದುಕೊಂಡು ಅವನು ಬೀಗವನ್ನು ಒಳಗಿಟ್ಟು ಬಂದು, ತಾನೇ ವಾಹನಗಳಿಗೆ ಜಾಗ ತೋರಿಸತೊಡಗಿದ.

ಒಬ್ಬರು ತುಳಸಿಮಾಲೆ ತಂದು, ಎಲ್ಲಿಡುವುದೆಂದು ತಿಳಿಯದೆ ಸುತ್ತಲೂ ನೋಡಿದಾಗ ಗೌರೀಶಂಕರರಿಗೆ ಅರ್ಥವಾಯಿತು. ಅದೇ ಹೊತ್ತಿಗೆ ಫೋನು ಬಂತು. ಅವರು ಎದ್ದು ಒಳಗೆ ಹೋದರು.

ಪುರುಷೋತ್ತಮರು ಮೆಲ್ಲಗೆ ಮಾತಾಡಿದರು. ಓಣಿಯ ತನಕ ಬಂದಿದ್ದರಂತೆ, ಜನ ಕಂಡು ಅಲ್ಲಿಂದಲೇ ಕಾರು ತಿರುಗಿಸಿದರಂತೆ, ಅಮ್ಮ ಕೂತಲ್ಲಿಂದಲೇ ಕೈ ಮುಗಿದರಂತೆ. ತೀರಿಕೊಂಡವರು ಯಾರೆಂದು ಕೇಳಿದರು.

ಯಾರೂ ಸತ್ತಿಲ್ಲವೆಂದು ಗೌರೀಶಂಕರರು ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದರು.

"ಇದನ್ನು ಅಮ್ಮನಿಗೆ ಹೇಳ್ಲಿಕ್ಕೆ ಆಗುದಿಲ್ಲ," ಎಂದರು ಪುರುಷೋತ್ತಮರು. "ಸಾವು ಎಲ್ಲರ ಮನೆಯಲ್ಲೂ ಉಂಟು, ಅದು ಅಪಶಕುನ ಅಲ್ಲ ಅಂತ ಅವರೇ ಹೇಳಿದ್ದಾರೆ. ಆದ್ರೆ ಹೆಣ್ಣು ನೋಡುವ ದಿನ ಸಾವೇ ಇಲ್ಲದೆ ಊರೆಲ್ಲ ಅಳ್ಲಿಕ್ಕೆ ಬಂತು ಅಂತ ಗೊತ್ತಾದ್ರೆ ಸಂಬಂಧ ಇಲ್ಲಿಗೇ ಮುಗೀತು. ನಿಮ್ಮಲ್ಲಿ ಯಾರಾದ್ರೂ ತೀರಿಹೋದ್ರು ಅಂತಲೇ ಇರ್ಲಿ. ದೂರದವರು ಸಾಕು. ಹದಿಮೂರನೇ ದಿನದ ಊಟಕ್ಕೆ ಅಮ್ಮನನ್ನು ಕರ್ಕೊಂಡು ಬರ್ತೇವೆ, ಹುಡುಗಿಯನ್ನು ನೋಡಿದ ಹಾಗೂ ಆಯ್ತು. ಇದೇ ಎರಡು ಕಾರು."

ಬಾಗಿಲ ಬಳಿ ಅಶ್ಮಿತಾ ಹೊಸ ಸೀರೆ ಉಟ್ಟು ನಿಂತಿದ್ದಳು. ಅವಳ ಮುಖ ನೋಡಲು ಗೌರೀಶಂಕರರಿಂದ ಆಗಲಿಲ್ಲ. ಅವರು ಜಗಲಿಗೆ ಬಂದರು. ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತರು.

"ಪುಣೆಯ ದೊಡ್ಡಪ್ಪ," ಎಂದರು ಗೌರೀಶಂಕರರು. "ಅಲ್ಲೇ ಎಲ್ಲ ಮುಗಿಸಿದ್ರು."

ಅಂಗಳಕ್ಕೆ ಉಸಿರು ಬಂದಂತಾಯಿತು. ಗಣೇಶಪ್ರಸಾದರಂತೂ ಪುಣೆಯ ದೊಡ್ಡಪ್ಪನನ್ನು ಒಮ್ಮೆ ಕಂಡದ್ದುಂಟೆಂದೂ ಅಂಥ ಸಾತ್ವಿಕ ಜೀವ ಈಗ ಅಪರೂಪವೆಂದೂ ಪಕ್ಕದವರಿಗೆ ಹೇಳಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಂಥ ಒಬ್ಬ ದೊಡ್ಡಪ್ಪನ ಹೆಸರು ಕೇಳದ ಸೌದಾಮಿನಿಯವರು ಕೇಸರಿಬಾತಿನ ಪಾತ್ರೆಯನ್ನು ಅಟ್ಟದ ಮೇಲಿಟ್ಟು ಬಂದರು.

ಜನ ಕರಗುವ ಹೊತ್ತಿಗೆ ಶರತ್ಚಂದ್ರ ಹತ್ತಿರ ಬಂದು, ಗೌರೀಶಂಕರರ ಹೆಗಲ ಮೇಲೆ ಮೃದುವಾಗಿ ಕೈಯಿಟ್ಟ.

"ಬೇಸರ ಮಾಡ್ಬೇಡಿ, ಈಗಲೇ ಹೇಳಿಬಿಡ್ತೇನೆ," ಎಂದ. "ನಿಯಮದಲ್ಲಿ ರಿಯಾಯಿತಿ ಮರಣದ ದಿನಕ್ಕೆ ಮಾತ್ರ. ಹದಿಮೂರನೇ ದಿನ ಊಟಕ್ಕೆ ಬರುವವರ ಗಾಡಿ ಹೆದ್ದಾರಿ ಪಕ್ಕದಲ್ಲೇ ಇಡ್ಬೇಕು."