ತಾನಾಗಿ ಸರಿಯುವ ಪುರಾಣ

ನಾನು ಅಂಜುಬುರುಕ. ಇದನ್ನು ನನ್ನ ಹೆಂಡತಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಬಸ್ಸು ಹತ್ತಿ ಕೂತ ಮೇಲೆ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಅಣ್ಣಿಗೇರಿ ಬರುವತನಕ ಬೆವರುವವನು. ಮಕ್ಕಳಿಗೆ ಪಾಠ ಹೇಳುವ ಮಾಸ್ತರನಾದರೂ ಮಕ್ಕಳ ಅಪ್ಪಂದಿರು ಬಂದರೆ ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸುತ್ತೇನೆ. ಇಂಥವನಿಗೆ ಶಲವಡಿಯ ನಮ್ಮ ಓಣಿಯವರು ಶ್ರಾವಣದಲ್ಲಿ ಗುಡಿಯಲ್ಲಿ ಶರಣರ ಪುರಾಣ ಓದುವ ಕೆಲಸ ಹಚ್ಚಿದರು. ಮೊದಲು ಓದುತ್ತಿದ್ದವರು ತೀರಿಹೋದ ನಮ್ಮಪ್ಪ. ಅವರ ಧ್ವನಿ ನನಗೆ ಬಂದಿದೆಯೆಂದು ಓಣಿಯ ನಂಬಿಕೆ. ಧ್ವನಿಯೇನೋ ಬಂದಿದೆ, ಧೈರ್ಯ ಬಂದಿಲ್ಲ.

ಅಪ್ಪನ ಪುಸ್ತಕದ ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಹಾಗಾಗಿ ಬೇಸಿಗೆ ರಜೆಯಲ್ಲಿ ಇಡೀ ಪುರಾಣವನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ದಪ್ಪ ಅಕ್ಷರಗಳಲ್ಲಿ ಟೈಪ್ ಮಾಡಿದೆ. ನವಲಗುಂದದಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯ ನಾಗರಾಜ ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದ. "ಅಗದಿ ಹಗುರ ಐತಿ, ಫುಕಟ್ ಐತಿ, ರೊಕ್ಕ ಕೊಡೂದಿಲ್ಲ. ಇನ್ನೇನ್ ಬೇಕಲೇ ನಿನಗ?" ಎಂದಿದ್ದ. ಕೀಲಿಗಳ ಕೆಳಗಿನ ಟಚ್‌ಪ್ಯಾಡಿನ ಮೇಲೆ ಎರಡು ಬೆರಳಿಟ್ಟು ಸರಿಸಿದರೆ ಸಾಕು, ಪುಟ ಸರಿಯುತ್ತದೆ.

ಮೊದಲ ಸಂಜೆ ಗುಡಿಯಲ್ಲಿ ಪುಸ್ತಕವಿಡುವ ವ್ಯಾಸಪೀಠದ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಪುರಾಣ ಯಾವುದರಲ್ಲಿದ್ದರೂ ಪುರಾಣವೇ ತಾನೆ? ಪಕ್ಕದ ಮನೆಯ ಕಮಲವ್ವ ಅದಕ್ಕೆ ವಿಭೂತಿ ಹಚ್ಚಿ, ನೀರು ಚಿಮುಕಿಸಿದ ಸೇವಂತಿಗೆ ಮಾಲೆಯನ್ನು ಪರದೆಯ ನೆತ್ತಿಗೇರಿಸಿ ಕೈಮುಗಿದಳು. ಮೂಲೆಯಲ್ಲಿ ಟೇಬಲ್ ಫ್ಯಾನು ತಿರುಗುತ್ತಿತ್ತು. ಶರಣರ ತಂದೆತಾಯಿ ಮಕ್ಕಳಿಲ್ಲವೆಂದು ಹರಕೆ ಹೊರುವ ಭಾಗ ಓದುತ್ತಿದ್ದೆ. ನಾನು ಮುಟ್ಟದೆಯೇ ಪುಟ ಸರಕ್ಕನೆ ಜಾರಿತು. ಗಾಬರಿಯಲ್ಲಿ ಕಣ್ಣಿಗೆ ಬಿದ್ದದ್ದನ್ನೇ ಓದಿಬಿಟ್ಟೆ: ಊರೆಲ್ಲ ಗೋಳೋ ಎಂದು ಅತ್ತಿತು, ಶರಣರನ್ನು ಸಮಾಧಿಗೆ ಇಳಿಸಿದರು. ಹಿಂದಿನಿಂದ ಒಬ್ಬ ಮುದುಕ, "ಹುಟ್ಟೂಕಿಂತ ಮದಲ ಸತ್ತ್ರೇನ್ರಿ ಮಾಸ್ತರ್ರ?" ಎಂದ. ಎಲ್ಲರೂ ನಕ್ಕರು. ಕಮಲವ್ವ ಮಾತ್ರ ನಗಲಿಲ್ಲ.

ಯಾಕೆಂದರೆ ಮರುದಿನ ಶರಣರು ಹುಟ್ಟುವ ದಿನ. ಪುರಾಣದಲ್ಲಿ ಶರಣರು ಹುಟ್ಟಿದ ಸಂಜೆ ನಮ್ಮಲ್ಲಿ ನಿಜವಾದ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಗುಗ್ಗರಿ ಹಂಚುತ್ತಾರೆ. ಈ ಸಲ ತೊಟ್ಟಿಲು ತೂಗುವವಳು ಕಮಲವ್ವನ ಸೊಸೆ ಶಿಲ್ಪಾ. ಹಿಂದೆ ಬಸಿರು ನಿಲ್ಲದೆ ಅತ್ತು ಸೊರಗಿದ ಹುಡುಗಿ, ಈಗ ಮತ್ತೆ ಬಸುರಿ. ಬೆಳಗ್ಗೆಯೇ ಕಮಲವ್ವ ನಮ್ಮ ಕಟ್ಟೆಗೆ ಬಂದು ನಿಂತಳು. "ಮಾಸ್ತರ್ರ, ನಿನ್ನಿಗತೆ ಆಗಬಾರ್ದ್ ನೋಡ್ರಿ. ನನ್ನ ಸೊಸಿ ತೊಟ್ಟಲದ ಹಗ್ಗ ಹಿಡಕೊಂಡಾಗ ಸಾವಿನ ಮಾತು ಕಿವ್ಯಾಗ ಬಿದ್ರ ಆಕಿ ಎದಿ ಒಡಕೋತಾಳ್ರಿ." ಆಕೆಯ ಕಣ್ಣಲ್ಲಿ ನೀರಿತ್ತು. ನನಗೆ ಆಮೇಲೆ ಉಪ್ಪಿಟ್ಟು ಇಳಿಯಲಿಲ್ಲ.

ನಾಗರಾಜನಿಗೆ ಫೋನು ಹಚ್ಚಿದೆ. ಅವನು ಸೆಟ್ಟಿಂಗ್ಸ್‌ಗೆ ಹೋಗೆಂದ, ಸ್ಕ್ರಾಲಿನ ದಿಕ್ಕು ತಿರುವೆಂದ. ತಿರುವಿದೆ. ಮೇಲಕ್ಕೆ ಸರಿಸಿದರೆ ಪುಟ ಕೆಳಕ್ಕೆ ಹೋಗತೊಡಗಿತು, ಮತ್ತೆ ತಿರುವಿದೆ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆಸಿ ಒಂದೊಂದೇ ಅಕ್ಷರ ಹೇಳಿ ಬರೆಸಿದ. ನಡುವೆ ಜಾಗ ಬಿಡುವುದು ಮರೆತದ್ದಕ್ಕೆ ಬೈದ. ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ ಟಚ್‌ಪ್ಯಾಡಿಗೆ ಏನೂ ಆಗಿರಲಿಲ್ಲ, ಹೇಳಿದಂತೆ ಕೇಳುತ್ತಿತ್ತು! ಕೆಟ್ಟಿದ್ದರೆ ರಿಪೇರಿ ಮಾಡಬಹುದು. ಕೆಡದೇ ಇರುವುದನ್ನು ಏನು ಮಾಡಲಿ? "ಅದಕ್ಕೂ ನಿಮ್ಮಂಗ ಮಂದಿ ಕಂಡ್ರ ಅಂಜಿಕಿ ಇರಬೇಕು," ಎಂದಳು ಹೆಂಡತಿ.

ಸಂಜೆ ಕಮಲವ್ವ ನಿನ್ನೆಗಿಂತ ದಪ್ಪನೆಯ ಮಾಲೆ ತಂದು ಹಾಕಿದಳು. ನಾನು ಬೆವರುವುದನ್ನು ನೋಡಿ ಯಾರೋ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಶಿಲ್ಪಾ ತೊಟ್ಟಿಲ ಹಗ್ಗ ಹಿಡಿದು ನಿಂತಳು. ತಾಯಿಗೆ ದಿನ ತುಂಬಿತು ಎಂದು ಓದಿದ್ದೇ ತಡ, ಪುಟ ಓಡತೊಡಗಿತು. ಶರಣರ ಬಾಲ್ಯ ಹೋಯಿತು, ಮದುವೆ ಹೋಯಿತು, ಪವಾಡಗಳು ಹೋದವು, ಅಗೋ ಸಮಾಧಿ! ಶಿಲ್ಪಾ ನನ್ನ ಮುಖವನ್ನೇ ನೋಡುತ್ತಿದ್ದಳು. ಶಿವನೇ, ಈ ಹುಡುಗಿಯ ಮುಂದೆ ಬೇಡ ಎಂದುಕೊಂಡು ಕಣ್ಣು ಮುಚ್ಚಿದೆ. ಟೈಪ್ ಮಾಡುವಾಗ ತಿದ್ದಿ ತಿದ್ದಿ ಬಾಯಿಗೆ ಬಂದಿತ್ತೋ, ಅಪ್ಪ ಓದಿದ್ದು ಕಿವಿಯಲ್ಲಿ ಉಳಿದಿತ್ತೋ, ಶರಣರು ಒಂದು ಅಕ್ಷರ ತಡವರಿಸದೆ ಹುಟ್ಟಿಬಂದರು. ಹೆಂಗಸರು ಜೋಗುಳ ಎತ್ತಿದರು. ಶಿಲ್ಪಾ ಹಗ್ಗ ಜಗ್ಗುತ್ತ ನಗುತ್ತಲೇ ಅತ್ತಳು. ನನಗೂ ಅಳು ಬಂತು, ಬೆವರು ಒರೆಸಿಕೊಂಡಂತೆ ಮಾಡಿದೆ.

ಆಗ ಕಮಲವ್ವ ತೊಟ್ಟಿಲಿಗೆ ಕಟ್ಟಲೆಂದು ಲ್ಯಾಪ್‌ಟಾಪಿನ ಮಾಲೆ ತೆಗೆದಳು. ಅತ್ತಿತ್ತ ಹರಿದಾಡುತ್ತಿದ್ದ ಪುಟ ಗಪ್ಪನೆ ನಿಂತಿತು. ನೋಡಿದರೆ ಟಚ್‌ಪ್ಯಾಡಿನ ಮೇಲೆ ಎರಡು ಕಡೆ ನೀರಿನ ಪಸೆ. ಮಾಲೆಯ ಎರಡು ಒದ್ದೆ ತುದಿಗಳು ಅಲ್ಲಿಗೆ ಇಳಿಬಿದ್ದು, ಫ್ಯಾನಿನ ಗಾಳಿಗೆ ಎರಡು ಬೆರಳಿನಂತೆ ಆಡಿ ಪುರಾಣ ಸರಿಸುತ್ತಿದ್ದವು! ಬೆಳಗ್ಗಿನಿಂದ ಲಿನಕ್ಸಿಗೆ ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸು ತಗೊಂಡೆ.

ಮರುದಿನ ಹುರುಪಿನಿಂದ ಮಾಲೆಯ ತುದಿಗಳನ್ನು ಪರದೆಯ ಹಿಂದೆ ಬಿಟ್ಟು ಓದಲು ಕೂತೆ. ಕಮಲವ್ವ ಕೈ ಅಡ್ಡ ತಂದಳು. "ಅದನ್ಯಾಕ ನೋಡ್ತೀರಿ ಮಾಸ್ತರ್ರ? ನಿನ್ನಿಗತೆ ಕಣ್ಣು ಮುಚ್ಚಿ ಹೇಳ್ರಿ. ನಿಮ್ಮಪ್ಪಾರ ಬಂದು ಕುಂತಂಗ ಇತ್ತ್ರಿ." ಇಡೀ ಗುಡಿ ಹೌದ್ರಿ ಅಂದಿತು. ಅಪ್ಪನ ಹೆಸರು ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿದೆ. ಅಂದಿನಿಂದ ಸಂಜೆಯಾದರೆ ಅದು ಯಾವ ಕಾಯಿಲೆಯೂ ಇಲ್ಲದೆ, ಮುಚ್ಚಿಕೊಂಡು, ಮಾಲೆ ಹಾಕಿಸಿಕೊಂಡು ವ್ಯಾಸಪೀಠದ ಮೇಲೆ ಆರಾಮಾಗಿ ಕೂಡುತ್ತದೆ. ನಾನು ಶಾಲೆ ಬಿಟ್ಟೊಡನೆ ಮನೆಗೋಡಿ, ಅದರ ಮುಂದೆ ಕೂತು ಬಾಯಿಪಾಠ ಮಾಡುತ್ತೇನೆ. ಇವತ್ತು ಶರಣರ ಮದುವೆ. ಸಂಜೆಯಾಗುತ್ತ ಬಂತು, ಬೀಗರ ಹೆಸರು ಇನ್ನೂ ಬಾಯಿಗೆ ಬರುತ್ತಿಲ್ಲ.