ಕೆಂಪು ಟವೆಲಿನ ಕಾಯಿದೆ

ಒಂದು ಕಟಕಟ, ಒಂದು ಗುಂಯ್‌ಗುಂಯ್ ಕೂಡ ಕೇಳಿಸದ ಸಂಚಿಕೆಯೊಂದನ್ನು ಈ ಸಲ ಮಾಡಿಯೇ ತೀರುತ್ತೇನೆಂದು ಮನೆಮಂದಿಯ ಮುಂದೆ ಶಪಥ ಮಾಡಿದೆ. ಮನೆಮಂದಿ ಎಂದರೆ ಹೆಂಡತಿ ಮತ್ತು ಅತ್ತೆ. ಇಬ್ಬರೂ ಟೀವಿ ನೋಡುತ್ತಿದ್ದರು.

ನಾನು ಸ್ವತಂತ್ರ ಪಾಡ್‌ಕಾಸ್ಟರ್. ಸ್ವತಂತ್ರ ಎಂದರೆ ನಿರ್ಮಾಪಕ, ನಿರೂಪಕ, ಧ್ವನಿತಂತ್ರಜ್ಞ, ಕಸ ಗುಡಿಸುವವ ಎಲ್ಲವೂ ನಾನೇ! ಸ್ಟುಡಿಯೋ ಎಂದರೆ ಮಲಗುವ ಕೋಣೆಯ ಗೋಡೆಬೀರು. ಎರಡು ಸ್ಟೂಲ್ ಹಿಡಿಸುವಷ್ಟು ದೊಡ್ಡದು. ಒಳಗೆ ತೂಗುವ ಹೆಂಡತಿಯ ಬಟ್ಟೆಗಳು ಪ್ರತಿಧ್ವನಿಯನ್ನೆಲ್ಲ ಹೀರಿಕೊಳ್ಳುತ್ತವೆ. ನನ್ನವೂ ಇವೆ, ಆದರೆ ಮೂರು ಅಂಗಿ ಎಷ್ಟೆಂದು ಹೀರಿಯಾವು!

ಈ ಸ್ಟುಡಿಯೋಗೊಂದು ಕಾಯಿದೆಯುಂಟು. ಬಾಗಿಲ ಹಿಡಿಯಲ್ಲಿ ಕೆಂಪು ಟವೆಲ್ ತೂಗಿದರೆ ಧ್ವನಿಮುದ್ರಣ ನಡೆಯುತ್ತಿದೆ ಎಂದರ್ಥ. ಒಳಗೆ ಏನೇ ಸದ್ದಾದರೂ ಹೊರಗಿನವರು ಕರೆಯುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ತೀರಾ ತುರ್ತಾದರೆ ಚೀಟಿ ಬರೆದು ಬಾಗಿಲ ಕೆಳಗೆ ತೂರಿಸಬೇಕು. ಒಮ್ಮೆ ಅತ್ತೆ ಮರೆತು ಕಾಫಿ ಹಿಡಿದು ಬಾಗಿಲು ತೆರೆದಿದ್ದಕ್ಕೆ ನಾನು ಇಪ್ಪತ್ತು ನಿಮಿಷ ಭಾಷಣ ಬಿಗಿದಿದ್ದೆ. ಅಂದಿನಿಂದ ಆ ಟವೆಲ್ ಕಂಡರೆ ಅವರು ತುದಿಗಾಲಿನಲ್ಲೇ ನಡೆಯುತ್ತಾರೆ.

ಈ ಸಲದ ಅತಿಥಿ ಸಾಮಾನ್ಯರಲ್ಲ. ರೈಲು ನಿಲ್ದಾಣದಲ್ಲಿ ಮೂವತ್ತು ವರ್ಷ ಘೋಷಣೆ ಮಾಡಿ ನಿವೃತ್ತರಾದ ಮಹಿಳೆ. ಊರಿಗೆಲ್ಲ ಆಕೆಯ ದನಿ ಗೊತ್ತು, ಮುಖ ಗೊತ್ತಿಲ್ಲ. ಮೂರು ತಿಂಗಳು ಗೋಗರೆದ ಮೇಲೆ ಒಪ್ಪಿದ್ದರು. ಇದು ಕೆಟ್ಟರೆ ಎದುರುಮನೆಯ ದಂತವೈದ್ಯರನ್ನೇ ಮೂರನೇ ಸಲ ಕೂರಿಸಬೇಕಿತ್ತು.

"ಅವರಿಗೂ ಸ್ವಲ್ಪ ಮಾತಾಡೋಕೆ ಬಿಡ್ರೀ" ಎಂದಳು ಹೆಂಡತಿ. "ಹೋದ ಸಲ ಆ ಡಾಕ್ಟರು ಬಾಯಿ ತೆಗೆದಿದ್ದು ಆಕಳಿಸೋಕೆ ಮಾತ್ರ."

"ನಿರೂಪಣೆ ಅಂದ್ರೆ ಏನು ಅಂತ ಗೊತ್ತಾ ನಿಂಗೆ?"

"ಗೊತ್ತು. ಹದಿನೈದು ವರ್ಷದಿಂದ ಕೇಳ್ತಾನೇ ಇದ್ದೀನಲ್ಲ!"

ನಾನು ಕಿವಿಗೆ ಹಾಕಿಕೊಳ್ಳದೆ ಸಮರಸಿದ್ಧತೆಗೆ ಇಳಿದೆ. ಫ್ರಿಜ್ ಆರಿಸಿದೆ. ಗೋಡೆ ಗಡಿಯಾರದ ಬ್ಯಾಟರಿ ಕಿತ್ತೆ. ಬೀರುವಿನ ಬಾಗಿಲಿಗೆ ಒಳಗಡೆ ಇದ್ದ ಹಿಡಿ ಸಡಿಲವಾಗಿ ಕಟಕಟ ಎನ್ನುತ್ತಿತ್ತು. ಅದನ್ನೂ ಬಿಚ್ಚಿ ಮೇಜಿನ ಮೇಲಿಟ್ಟೆ. ಅತಿಥಿ ಬಂದೊಡನೆ ಇಬ್ಬರ ಫೋನುಗಳನ್ನೂ ಅದರ ಪಕ್ಕದಲ್ಲೇ ಇರಿಸಿ, ಟವೆಲ್ ತೂಗುಹಾಕಿ, ಒಳಹೊಕ್ಕು ಬಾಗಿಲೆಳೆದುಕೊಂಡೆ. ಟಕ್!

ನನ್ನ ಪ್ರಸ್ತಾವನೆ ಒಂಬತ್ತನೇ ನಿಮಿಷಕ್ಕೆ ಕಾಲಿಟ್ಟಾಗ ಅತಿಥಿ ಶಾಲಾಮಕ್ಕಳಂತೆ ಬೆರಳೆತ್ತಿದರು.

"ಒಂದು ಸಣ್ಣ ಪ್ರಶ್ನೆ. ಈ ಬಾಗಿಲಿಗೆ ಒಳಗಡೆ ಹಿಡಿ ಇಲ್ವಾ?"

"ಬೆಳಗ್ಗೆ ನಾನೇ ಬಿಚ್ಚಿ ಹಾಕಿದೆ ಮೇಡಂ!" ಎಂದೆ ಹೆಮ್ಮೆಯಿಂದ. ಹೇಳಿ ಮುಗಿಸಿದ ಮೇಲಷ್ಟೇ ಹೇಳಿದ್ದೇನೆಂದು ಹೊಳೆಯಿತು.

ಬಾಗಿಲು ಗುದ್ದಿದೆ. "ಬಾಗಿಲು ತೆಗೀರೋ! ಕಾಪಾಡ್ರೋ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಹೊರಗಿಂದ ಅತ್ತೆಯ ಪಿಸುದನಿ ಕೇಳಿಸಿತು. "ಈ ಸಲ ನಾಟಕಾನೂ ಇಟ್ಟಿದ್ದಾರೆ ಕಣೇ!"

"ಅಮ್ಮಾ, ಶ್! ಟವೆಲ್ ಕಾಣ್ತಿಲ್ವಾ?"

ಆಗ ಅತಿಥಿಯೇ ಗಂಟಲು ಸರಿಮಾಡಿಕೊಂಡರು. "ದಯವಿಟ್ಟು ಗಮನಿಸಿ. ಬೀರುವಿನಿಂದ ಹೊರಡಬೇಕಾದ ಇಬ್ಬರು ಪ್ರಯಾಣಿಕರು ಅನಿರ್ದಿಷ್ಟ ಕಾಲ ತಡವಾಗಿದ್ದಾರೆ. ಬಾಗಿಲು ತೆರೆಯಬೇಕಾಗಿ ವಿನಂತಿ."

"ಅಯ್ಯೋ, ಅದೇ ದನಿ!" ಎಂದರು ಅತ್ತೆ. "ಎಷ್ಟು ಚೆನ್ನಾಗಿ ಹೇಳ್ತಾರೆ!"

ನಮಗೆ ತೊಂದರೆಯಾಗದಿರಲೆಂದು ಇಬ್ಬರೂ ಕೋಣೆಯ ಬಾಗಿಲನ್ನೂ ಮೆತ್ತಗೆ ಎಳೆದುಕೊಂಡು ಹೋದರು.

ನಾನು ಮತ್ತೆ ಹತ್ತು ನಿಮಿಷ ಅರಚಿದೆ. ಕೊನೆಗೆ ದನಿಯೇ ಬಿದ್ದುಹೋಯಿತು. ಬಾಯಿ ತೆರೆದರೆ ಬರೀ ಗಾಳಿ! ಅತಿಥಿ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, "ಕೂತಿರಿ, ನಾನೇ ಏನಾದ್ರೂ ಹೇಳ್ತೀನಿ" ಎಂದರು.

ಹೇಳಿದರು ನೋಡಿ! ಪ್ಲಾಟ್‌ಫಾರ್ಮ್ ತಪ್ಪು ಹೇಳಿ ಇಡೀ ವಾದ್ಯವೃಂದವನ್ನು ತಬಲಾ ಸಮೇತ ಬೇರೆ ಊರಿಗೆ ಕಳಿಸಿದ್ದು. ದಿನಾ ಸಂಜೆ ರೈಲು ಹತ್ತದೆ, ದನಿ ಕೇಳಿ ಹೊರಟುಹೋಗುತ್ತಿದ್ದ ಮುದುಕ. ಮಗಳು ದೂರದೂರಿಗೆ ಹೊರಟ ದಿನ ಆ ರೈಲನ್ನು ತಾವೇ ಘೋಷಿಸಿದ್ದು. "ದನಿ ನಡುಗಲಿಲ್ಲ. ಮೈಕ್ ಆಫ್ ಮಾಡಿದ ಮೇಲೆ ನಡುಗಿದ್ದು" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಹೆಂಡತಿಯ ಶಾಲಿನಲ್ಲೇ ಒರೆಸಿಕೊಂಡೆ.

ಅದೇ ಶಾಲಿಗಾಗಿಯೇ ಆಮೇಲೆ ಬಾಗಿಲ ಕೆಳಗಿಂದ ಚೀಟಿ ಬಂತು. 'ಹೊರಗೆ ಹೋಗಬೇಕು. ಹಸಿರು ಶಾಲು ಬೇಕು. ಅವಸರವಿಲ್ಲ.' ಅತಿಥಿ ಕೈಚೀಲದಿಂದ ಪೆನ್ನು ತೆಗೆದು, 'ಶಾಲು ಇಲ್ಲಿದೆ. ನಾವೂ ಇಲ್ಲೇ ಸಿಕ್ಕಿಬಿದ್ದಿದ್ದೇವೆ. ಒಳಗಿನ ಹಿಡಿ ಮೇಜಿನ ಮೇಲಿದೆ' ಎಂದು ಬರೆದು ವಾಪಸ್ ತೂರಿಸಿದರು. ಮರುಕ್ಷಣವೇ ಬಾಗಿಲು ತೆರೆಯಿತು.

ಆ ಸಂಚಿಕೆಯನ್ನು ಕೇಳಿದಷ್ಟು ಜನ ನನ್ನ ಬೇರೆ ಯಾವುದನ್ನೂ ಕೇಳಿಲ್ಲ. 'ನಿರೂಪಕರು ತುಂಬಾ ಸುಧಾರಿಸಿದ್ದಾರೆ' ಎಂದು ಬರೆದವರು ಒಬ್ಬಿಬ್ಬರಲ್ಲ. ದಂತವೈದ್ಯರಂತೂ ಮೂರು ಸಲ ಬರೆದಿದ್ದರು.

ಒಳಗೊಳಗೇ ಖುಷಿಯಾಗಿ, ಮರುದಿನ ಸ್ಕ್ರೂಡ್ರೈವರ್ ಹಿಡಿದು ಹಿಡಿ ಜೋಡಿಸಲು ಹೋದೆ. ಮೇಜಿನ ಮೇಲೆ ಹಿಡಿ ಇರಲಿಲ್ಲ. ಹೆಂಡತಿಯ ಕೈಯಲ್ಲಿತ್ತು.

"ಇದು ನನ್ ಹತ್ರಾನೇ ಇರ್ಲಿ" ಎಂದಳು. "ಅತಿಥಿಗಳು ಬರೋಕೆ ಹತ್ತು ನಿಮಿಷ ಮುಂಚೆ ನಿಮ್ಮನ್ನ ಒಳಗೆ ಹಾಕಿ ಬಾಗಿಲು ಎಳೀತೀನಿ. ಕೂಗೋದೆಲ್ಲ ಕೂಗಿ ಮುಗಿಸ್ಕೊಂಡ್ಬಿಡಿ."